ಎಣ್ಣೆ ಎಲ್ಲಿಲ್ಲ ಎಂಬುದನ್ನೂ ಹೇಳಬೇಕು

ಕಡಲಿಗೆ ಚೆಲ್ಲಿದ ಎಣ್ಣೆಯನ್ನು ಉಪಗ್ರಹ ಕಾಣುತ್ತದೆ, ಕಂಪ್ಯೂಟರ್ ಹಿಂಬಾಲಿಸುತ್ತದೆ. ಆ ಮಾಹಿತಿ ಮೀನು ಮಾರುವವರಿಗೂ ಕೊಳ್ಳುವವರಿಗೂ ಏಕೆ ತಲುಪುವುದಿಲ್ಲ?

ಶಿವಾಜಿನಗರದ ರಸೆಲ್ ಮಾರುಕಟ್ಟೆಗೂ ಅರಬ್ಬಿ ಸಮುದ್ರಕ್ಕೂ ನಡುವೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್ ದೂರ, ಅದರ ಮಧ್ಯೆ ಪಶ್ಚಿಮಘಟ್ಟ. ಆದರೂ 1927ರಲ್ಲಿ ಕಟ್ಟಿದ ದಂಡುಪ್ರದೇಶದ ಈ ಹಳೆಯ ಮಾರುಕಟ್ಟೆಯ ಮೀನಿನ ಸಾಲು ಕಡಲಿನ ಏರುಪೇರಿಗೆ ಕಟ್ಟುಬಿದ್ದಿದೆ. ಮಂಗಳೂರು, ಮಲ್ಪೆ, ಕೇರಳ, ಚೆನ್ನೈ, ಆಂಧ್ರದ ಕಡೆಗಳಿಂದ ಐಸ್ ತುಂಬಿದ ಪೆಟ್ಟಿಗೆಗಳಲ್ಲಿ ಮೀನು ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗಿನ ಹೊತ್ತಿಗೆ ಬೆಂಗಳೂರು ಮುಟ್ಟುತ್ತದೆ. ಕೊಳ್ಳುವವರು ಕಿವಿರು ಎತ್ತಿ ಕೆಂಪಗಿದೆಯೇ ನೋಡುತ್ತಾರೆ, ಕಣ್ಣಿನ ಹೊಳಪು ಗಮನಿಸುತ್ತಾರೆ, ಬೆರಳಿನಿಂದ ಒತ್ತಿ ಮಾಂಸ ಗಟ್ಟಿಯಿದೆಯೇ ಪರೀಕ್ಷಿಸುತ್ತಾರೆ. ತಾಜಾತನ ಅಳೆಯಲು ಇಷ್ಟು ಸಾಕು. ಆದರೆ ಆ ಬಂಗುಡೆ ಯಾವ ನೀರಿನಿಂದ ಬಂತು ಎಂಬುದನ್ನು ಕಿವಿರು ಹೇಳುವುದಿಲ್ಲ. ಹಿಡಿದ ಜಾಗ ಯಾವುದೆಂದು ಬರೆದ ಚೀಟಿಯೂ ಪೆಟ್ಟಿಗೆಯ ಜೊತೆ ಬರುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಈ ಪ್ರಶ್ನೆ ಯಾರನ್ನೂ ಕಾಡುವುದಿಲ್ಲ. ಕಡಲಿನಲ್ಲಿ ಹಡಗೊಂದು ಮುಳುಗಿದ ದಿನ ಮಾತ್ರ ಬೇರೆಲ್ಲ ಪ್ರಶ್ನೆಗಳನ್ನು ಹಿಂದಕ್ಕೆ ತಳ್ಳಿ ಇದೊಂದೇ ಮುಂದೆ ಬಂದು ನಿಲ್ಲುತ್ತದೆ.

2025ರ ಮೇ 25ರಂದು ಅಂಥ ದಿನ ಬಂತು. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಆಲಪ್ಪುಳದ ತೋಟ್ಟಪ್ಪಳ್ಳಿ ದಡದಿಂದ 14.6 ನಾಟಿಕಲ್ ಮೈಲು, ಎಂದರೆ ಸುಮಾರು 27 ಕಿಲೋಮೀಟರ್ ದೂರದಲ್ಲಿ ಮುಳುಗಿತು. ಅದರಲ್ಲಿ 640 ಕಂಟೇನರ್‌ಗಳಿದ್ದವು; ಟ್ಯಾಂಕುಗಳಲ್ಲಿ 367.1 ಟನ್ ಫರ್ನೇಸ್ ಆಯಿಲ್ ಮತ್ತು 84.44 ಟನ್ ಡೀಸೆಲ್ ಇತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ, ಜೂನ್ 9ರಂದು, ಕೊಲಂಬೊದಿಂದ ಮುಂಬೈ ಕಡೆಗೆ ಸಾಗುತ್ತಿದ್ದ ವಾನ್ ಹೈ 503 ಹಡಗು ಕಣ್ಣೂರಿನಾಚೆ ಸ್ಫೋಟಗೊಂಡು ಹೊತ್ತಿ ಉರಿಯಿತು. ಅದರ 22 ಸಿಬ್ಬಂದಿಯಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ನವಮಂಗಳೂರು ಬಂದರಿಗೆ ಕರೆತಂದಿತು. ಎಲ್ಸಾ ಮುಳುಗಿದ ಕೂಡಲೇ ಕೇರಳದಲ್ಲಿ ಮೀನು ತಿನ್ನಬಹುದೇ ಎಂಬ ಅನುಮಾನ ಹಬ್ಬಿ ಮಾರಾಟ ಕುಸಿಯಿತು. ಹಡಗಿನ ಸುತ್ತಲಿನ 20 ನಾಟಿಕಲ್ ಮೈಲು ವ್ಯಾಪ್ತಿಯಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಯಿತು. ಉಳಿದ ಕಡೆಯ ಮೀನು ತಿನ್ನಲು ಭಯವಿಲ್ಲ ಎಂದು ಸರ್ಕಾರ ಮತ್ತೆ ಮತ್ತೆ ಹೇಳಬೇಕಾಯಿತು. ನೀರಿನ ಮೇಲಿನ ಎಣ್ಣೆ ಹರಡಿದ್ದಕ್ಕಿಂತ ಬಹಳ ವೇಗವಾಗಿ, ಬಹಳ ದೂರಕ್ಕೆ, ದಡದ ಮೇಲೆ ಮಾತು ಹರಡಿತ್ತು.

ಈ ಲೇಖನದ ವಾದ ಇಷ್ಟು. ಸಮುದ್ರಕ್ಕೆ ಬಿದ್ದ ಎಣ್ಣೆಯನ್ನು ಪೂರ್ತಿಯಾಗಿ ಬಳಿದು ತೆಗೆಯುವ ವಿದ್ಯೆ ಜಗತ್ತಿನ ಯಾವ ದೇಶಕ್ಕೂ ಇನ್ನೂ ಸಿದ್ಧಿಸಿಲ್ಲ. ಎಣ್ಣೆ ಎಲ್ಲಿದೆ, ನಾಳೆ ಎತ್ತ ಹೋಗುತ್ತದೆ, ಎಲ್ಲಿಗೆ ಹೋಗಲು ಸಾಧ್ಯವೇ ಇಲ್ಲ ಎಂದು ತಿಳಿಯುವ ವಿದ್ಯೆ ಮಾತ್ರ ಸಿದ್ಧಿಸಿದೆ. ಭಾರತಕ್ಕೂ ಸಿದ್ಧಿಸಿದೆ, ಅದರ ಒಂದು ಪಾಲು ಬೆಂಗಳೂರಿನಲ್ಲೇ ಇದೆ. ಆದ್ದರಿಂದ ತೈಲ ಸೋರಿಕೆಯನ್ನು ಎದುರಿಸುವ ನಮ್ಮ ಸಿದ್ಧತೆಯಲ್ಲಿ ಮಾಹಿತಿಗೆ ಮೊದಲ ಸ್ಥಾನ ಸಿಗಬೇಕು. ಆ ಮಾಹಿತಿ ಕೋಸ್ಟ್‌ಗಾರ್ಡ್ ಕಚೇರಿಯ ಪರದೆಯ ಮೇಲೆ ನಿಂತುಬಿಡದೆ, ಮೀನಿನ ಪರೀಕ್ಷೆಯ ಫಲಿತಾಂಶದ ಜೊತೆ ಸೇರಿ, ಕಟ್ಟಕಡೆಯ ಮೀನಂಗಡಿಯವರೆಗೆ ಕನ್ನಡದಲ್ಲಿ ತಲುಪಬೇಕು.

ಮೋಡದಾಚೆಯ ನೋಟ

ಕಡಲಿನ ಮೇಲಿನ ಎಣ್ಣೆಯನ್ನು ದೂರದಿಂದ ಗುರುತಿಸುವುದು ಹೇಗೆ? ಸಾಮಾನ್ಯ ಕ್ಯಾಮೆರಾ ಇರುವ ಉಪಗ್ರಹ ಹಗಲಿನಲ್ಲಿ, ಮೋಡವಿಲ್ಲದಾಗ ಮಾತ್ರ ನೋಡಬಲ್ಲದು. ಮುಂಗಾರಿನ ಅರಬ್ಬಿ ಸಮುದ್ರದ ಮೇಲೆ ಅಂಥ ಗಳಿಗೆ ಸಿಗುವುದು ಅಪರೂಪ. ಅಲ್ಲಿ ನೆರವಿಗೆ ಬರುವುದು ರಾಡಾರ್ ಉಪಗ್ರಹ. ಅದು ತಾನೇ ಮೈಕ್ರೋವೇವ್ ಅಲೆಗಳನ್ನು ಕೆಳಕ್ಕೆ ಕಳಿಸಿ, ಮರಳಿ ಬರುವ ಪ್ರತಿಫಲನವನ್ನು ಅಳೆಯುತ್ತದೆ. ಕತ್ತಲು, ಮೋಡ ಎರಡೂ ಅದಕ್ಕೆ ಅಡ್ಡಿಯಲ್ಲ. ಗಾಳಿ ಬೀಸುವ ಕಡಲಿನ ಮೇಲ್ಮೈಯಲ್ಲಿ ಕೆಲವೇ ಸೆಂಟಿಮೀಟರ್ ಅಳತೆಯ ಕಿರುತೆರೆಗಳು ಸದಾ ಏಳುತ್ತಿರುತ್ತವೆ. ರಾಡಾರ್ ಅಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಈ ಕಿರುತೆರೆಗಳು ಅದನ್ನು ಚೆನ್ನಾಗಿ ಹಿಂದಿರುಗಿಸುತ್ತವೆ, ಕಡಲು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಎಣ್ಣೆಯ ಪದರ ಬಿದ್ದ ಕಡೆ ಕಿರುತೆರೆಗಳು ಅಡಗುತ್ತವೆ. ನೀರು ನುಣುಪಾಗಿ ರಾಡಾರ್ ಅಲೆಯನ್ನು ಬೇರೆತ್ತಲೋ ಜಾರಿಸಿಬಿಡುತ್ತದೆ. ಚಿತ್ರದಲ್ಲಿ ಅಲ್ಲೊಂದು ಕಪ್ಪು ಕಲೆ ಮೂಡುತ್ತದೆ. ಎಣ್ಣೆಯ ಪತ್ತೆಗೆ ಮೂಲಾಧಾರ ಈ ಕಪ್ಪು ಕಲೆ.

ಇಂಥ ರಾಡಾರ್ ಉಪಗ್ರಹಗಳಿಗೆ ರಸೆಲ್ ಮಾರುಕಟ್ಟೆಯಿಂದ ಕೆಲವೇ ಕಿಲೋಮೀಟರ್ ಪೂರ್ವಕ್ಕಿರುವ ವಿಮಾನಪುರದೊಡನೆ ನೇರ ಸಂಬಂಧವಿದೆ. ಹಲಸೂರು, ಇಂದಿರಾನಗರ ದಾಟಿದರೆ ಸಿಗುವ ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ದೇಶದ ಉಪಗ್ರಹಗಳು ರೂಪುಗೊಳ್ಳುವ ಜಾಗ. 2012ರ ಏಪ್ರಿಲ್ 26ರಂದು ಹಾರಿದ ರಿಸ್ಯಾಟ್-1, 2022ರ ಫೆಬ್ರುವರಿ 14ರಂದು ಹಾರಿದ ಇಒಎಸ್-04 ಎರಡೂ ಸಿ-ಬ್ಯಾಂಡ್ ರಾಡಾರ್ ಹೊತ್ತವು. ಅಮೆರಿಕದ ನಾಸಾ ಜೊತೆಗೂಡಿ ಮಾಡಿದ ನಿಸಾರ್ ಉಪಗ್ರಹದ ಎರಡು ರಾಡಾರ್‌ಗಳು 2023ರ ಮಾರ್ಚಿನಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ಉಪಗ್ರಹಕ್ಕೆ ಜೋಡಣೆಯಾದವು. 2025ರ ಜುಲೈ 30ರಂದು ಅದು ಶ್ರೀಹರಿಕೋಟಾದಿಂದ ಮೇಲೇರಿತು. ಕಡಲನ್ನು ನೋಡುವ ಕಣ್ಣು ಮತ್ತು ಕಡಲಿನ ಮೀನು ಮಾರುವ ಕೈ ಎರಡೂ ಬೆಂಗಳೂರಿನ ಒಂದೇ ದಿಕ್ಕಿನಲ್ಲಿವೆ. ಅವೆರಡರ ನಡುವೆ ಮಾತುಕತೆ ಇಲ್ಲ ಎಂಬುದೇ ನಮ್ಮ ಕೊರತೆ.

ರಾಡಾರ್ ಎಲ್ಲವನ್ನೂ ಬಲ್ಲದು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಗಾಳಿ ಸೆಕೆಂಡಿಗೆ ಸುಮಾರು 3 ಮೀಟರ್‌ಗಿಂತ ಕಡಿಮೆಯಿದ್ದರೆ ಕಿರುತೆರೆಗಳೇ ಏಳುವುದಿಲ್ಲ, ಇಡೀ ಕಡಲು ಕಪ್ಪಾಗಿ ಕಂಡು ಎಣ್ಣೆ ಅದರಲ್ಲಿ ಕರಗಿಹೋಗುತ್ತದೆ. 10-12 ಮೀಟರ್ ಮೀರಿದರೆ ಅಲೆಗಳ ಹೊಡೆತಕ್ಕೆ ಎಣ್ಣೆ ನೀರಿನೊಳಗೆ ಕಲಸಿಹೋಗಿ ಕಲೆಯೇ ಕಾಣುವುದಿಲ್ಲ. ಪಾಚಿ, ಮೀನು ಮತ್ತು ಸಸ್ಯಗಳಿಂದ ಹೊರಡುವ ಸಹಜ ಜಿಡ್ಡು, ಮಳೆ ಸುರಿಯುತ್ತಿರುವ ಜಾಗ ಇವೂ ಕಪ್ಪು ಕಲೆಗಳನ್ನೇ ಮೂಡಿಸುತ್ತವೆ. ಒಂದೇ ಉಪಗ್ರಹ ದಿನವೂ ಅದೇ ಜಾಗದ ಮೇಲೆ ಹಾದುಹೋಗುವುದೂ ಇಲ್ಲ. ಹಾಗಾಗಿ ಉಪಗ್ರಹ ತೋರಿಸಿದ ಕಲೆಯನ್ನು ಕೋಸ್ಟ್‌ಗಾರ್ಡ್‌ನ ಡಾರ್ನಿಯರ್ ವಿಮಾನ ಹಾರಿ ಹೋಗಿ ಖಚಿತಪಡಿಸಬೇಕು. ಅನುಭವವಿದ್ದ ವೀಕ್ಷಕರು ಬಣ್ಣ ನೋಡಿಯೇ ದಪ್ಪ ಅಂದಾಜು ಮಾಡುತ್ತಾರೆ. ಯುರೋಪಿನ ಬಾನ್ ಒಪ್ಪಂದದ ಮಾಪನದ ಪ್ರಕಾರ ಬೆಳ್ಳಿಯ ಹೊಳಪಿದ್ದರೆ ಪದರ 0.3 ಮೈಕ್ರಾನ್‌ಗಿಂತ ತೆಳು. ಕಾಮನಬಿಲ್ಲಿನ ಬಣ್ಣವಿದ್ದರೆ 5 ಮೈಕ್ರಾನ್‌ವರೆಗೆ. ಲೋಹದ ಹೊಳಪಿದ್ದರೆ 50 ಮೈಕ್ರಾನ್‌ವರೆಗೆ. ಎಣ್ಣೆಯ ನಿಜವಾದ ಕಪ್ಪು-ಕಂದು ಬಣ್ಣವೇ ಕಂಡರೆ ಅದಕ್ಕಿಂತ ದಪ್ಪ. ಒಂದು ಚದರ ಕಿಲೋಮೀಟರ್ ಬೆಳ್ಳಿ ಹೊಳಪಿನಲ್ಲಿ ಇರುವುದು ಹೆಚ್ಚೆಂದರೆ 300 ಲೀಟರ್. ಅದೇ ಜಾಗದಲ್ಲಿ ಲೋಹದ ಹೊಳಪಿದ್ದರೆ 5,000ದಿಂದ 50,000 ಲೀಟರ್. ಟಿವಿಯಲ್ಲಿ ಕಾಣುವ ವಿಸ್ತಾರವಾದ ಮಿರುಗು ಹೆದರಿಕೆ ಹುಟ್ಟಿಸುತ್ತದೆ. ಅಪಾಯಕಾರಿ ಎಣ್ಣೆ ಬಹುಪಾಲು ಅದರೊಳಗಿನ ಸಣ್ಣ ಜಾಗದಲ್ಲಿ ದಟ್ಟವಾಗಿರುತ್ತದೆ. ಈ ವ್ಯತ್ಯಾಸವನ್ನು ಜನರಿಗೆ ಹೇಳದೇ ಇರುವುದು ಭಯಕ್ಕೆ ದಾರಿ ಮಾಡಿಕೊಟ್ಟಂತೆ.

ಗಾಳಿ, ಪ್ರವಾಹ, ಮುಂಗಾರು

ಎಣ್ಣೆ ಎತ್ತ ಸಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಮೇಲ್ಮೈ ಪ್ರವಾಹದ ಜೊತೆ ಅದು ಪೂರ್ತಿ ಸಾಗುತ್ತದೆ. ಅದಕ್ಕೆ ಗಾಳಿಯ ವೇಗದ ಸುಮಾರು ಶೇ 3 ಸೇರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ಮುಂಗಾರು ಗಾಳಿ ಒಂದೇ ಸಮನೆ ಬೀಸಿದರೆ ಗಾಳಿಯೊಂದೇ ಎಣ್ಣೆಯನ್ನು ದಿನಕ್ಕೆ ಸುಮಾರು 26 ಕಿಲೋಮೀಟರ್ ತಳ್ಳಬಲ್ಲದು. ಎಲ್ಸಾ 3 ಮುಳುಗಿದ್ದು ದಡದಿಂದ 27 ಕಿಲೋಮೀಟರ್ ದೂರದಲ್ಲಿ ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ, ಒಂದು ದಿನದ ವಿಳಂಬ ಎಂದರೇನೆಂದು ಅರ್ಥವಾಗುತ್ತದೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಎಂದರೆ ಇಂಕಾಯಿಸ್, ಗಾಳಿ, ಪ್ರವಾಹ, ಎಣ್ಣೆಯ ಬಗೆ ಇವೆಲ್ಲವನ್ನೂ ಕಂಪ್ಯೂಟರ್ ಮಾದರಿಗೆ ಊಡಿಸಿ ಎಣ್ಣೆಯ ಚಲನೆಯ ಮುನ್ಸೂಚನೆ ಕೊಡುತ್ತದೆ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಎಲ್ಸಾದಿಂದ ಬಿದ್ದ ಕಂಟೇನರ್‌ಗಳು ಆಲಪ್ಪುಳ, ಕೊಲ್ಲಂ, ತಿರುವನಂತಪುರದ ದಡಗಳಿಗೆ ಬಡಿದದ್ದು ಈ ದಿಕ್ಕಿಗೆ ತಕ್ಕಂತೆಯೇ ಇತ್ತು. ಉತ್ತರದಲ್ಲಿರುವ ಮಂಗಳೂರು, ಮಲ್ಪೆಗಳ ಕಡೆಗೆ ಆ ಎಣ್ಣೆ ಬರಬೇಕಾದರೆ ಪ್ರವಾಹಕ್ಕೆ ಎದುರಾಗಿ ಸಾಗಬೇಕಿತ್ತು. ಎಣ್ಣೆ ಎಲ್ಲಿಗೆ ಹೋಗಲಾರದು ಎಂಬ ಈ ಮಾತನ್ನು ಆಗಲೇ, ಅಧಿಕೃತವಾಗಿ, ಕನ್ನಡದಲ್ಲಿ ಹೇಳಿದ್ದರೆ ಬೆಂಗಳೂರಿನ ಮೀನಂಗಡಿಯವರಿಗೂ ಗಿರಾಕಿಗಳಿಗೂ ಅದಕ್ಕಿಂತ ಉಪಯುಕ್ತ ಸುದ್ದಿ ಬೇರೊಂದಿರಲಿಲ್ಲ.

ಪ್ರತಿ ಪ್ರಕರಣಕ್ಕೂ ಬೇರೆಯೇ ಲೆಕ್ಕ ಬೇಕು ಎಂಬುದಕ್ಕೆ ಕಾರವಾರದ ಅನುಭವ ಸಾಕ್ಷಿ. 2006ರ ಮೇ 30ರಂದು ಪನಾಮಾ ಧ್ವಜದ ಎಂವಿ ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ಆಯ್ಸ್ಟರ್ ರಾಕ್ ಬಳಿ ಬಂಡೆಗೆ ಸಿಕ್ಕಿಕೊಂಡು ಮುರಿಯಿತು. ಅದರ ಸುಮಾರು 650 ಟನ್ ಇಂಧನ ತೈಲ ಮುಂಗಾರಿನ ಅಲೆಗಳ ಮೇಲೇರಿ ಕಾರವಾರದ ದಡಗಳಿಗೆ ಮಾತ್ರವಲ್ಲ, ಉತ್ತರದ ಗೋವೆಯ ದಡಕ್ಕೂ ಬಡಿಯಿತು. ದಡದ ಹತ್ತಿರದಲ್ಲಿ ಸ್ಥಳೀಯ ಗಾಳಿ, ಭರತ-ಇಳಿತ, ನದಿಮುಖದ ನೀರು ದೊಡ್ಡ ಪ್ರವಾಹದ ಲೆಕ್ಕವನ್ನು ತಿರುಗಿಸಬಲ್ಲವು. 2022ರ ಜೂನ್ 21ರಂದು ಉಳ್ಳಾಲದ ಬಟ್ಟಪ್ಪಾಡಿ ಬಳಿ ಅಪಾಯಕ್ಕೆ ಸಿಲುಕಿದ ಪ್ರಿನ್ಸೆಸ್ ಮಿರಾಲ್ ಹಡಗಿನಲ್ಲಿ ಸುಮಾರು 220 ಟನ್ ಇಂಧನವಿತ್ತು. ಅದರ 15 ಸಿಬ್ಬಂದಿಯನ್ನು ಕೋಸ್ಟ್‌ಗಾರ್ಡ್ ಪಾರುಮಾಡಿತು. ಎಲ್ಸಾ, ವಾನ್ ಹೈ ಸೇರಿ ಈ ನಾಲ್ಕೂ ಹಡಗುಗಳ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ: ಮೇ 30, ಜೂನ್ 21, ಮೇ 25, ಜೂನ್ 9. ಎಲ್ಲವೂ ಮುಂಗಾರು ಕಾಲಿಡುವ ಹೊತ್ತಿನವು. ಕ್ಯಾಮೆರಾ ಉಪಗ್ರಹಕ್ಕೆ ಮೋಡ ಕವಿಯುವುದು, ಎಣ್ಣೆ ಎತ್ತುವ ಸಲಕರಣೆ ಅಲೆಗೆ ಸೋಲುವುದು, ಗಾಳಿ ದಡದ ಕಡೆಗೆ ತಿರುಗುವುದು ಎಲ್ಲವೂ ಅದೇ ಹೊತ್ತಿನಲ್ಲಿ. ಎಂದರೆ ಕರ್ನಾಟಕಕ್ಕೆ ಅಪಾಯದ ಕಾಲ ಯಾವುದೆಂದು ಮೊದಲೇ ಗೊತ್ತಿದೆ. ಗೊತ್ತಿರುವ ಅಪಾಯಕ್ಕೆ ಮೊದಲೇ ಸಿದ್ಧವಾಗದಿರುವುದಕ್ಕೆ ಸಮರ್ಥನೆ ಇಲ್ಲ.

ಬಳಿದಷ್ಟೂ ಉಳಿಯುವ ಎಣ್ಣೆ

ಹಾಗಿದ್ದರೆ ಎಣ್ಣೆ ತೆಗೆಯುವ ಯಂತ್ರಗಳನ್ನೇ ಹೆಚ್ಚು ಕೊಂಡರಾಯಿತಲ್ಲ, ಮಾಹಿತಿಗೇಕೆ ಇಷ್ಟು ಒತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಂತ್ರಗಳ ಮಿತಿ ಅರಿತರೆ ಉತ್ತರ ಸಿಗುತ್ತದೆ. ಬೂಮ್ ಎಂಬ ತೇಲುವ ಬೇಲಿಯಿಂದ ಎಣ್ಣೆಯನ್ನು ಸುತ್ತುಗಟ್ಟಿ, ಸ್ಕಿಮ್ಮರ್ ಎಂಬ ಯಂತ್ರದಿಂದ ಮೇಲಿನ ಪದರವನ್ನು ಹೀರಿ ತೆಗೆಯುವುದು ಮುಖ್ಯ ವಿಧಾನ. ಬೇಲಿಗೆ ನೇರವಾಗಿ ಬಡಿಯುವ ನೀರಿನ ವೇಗ ಗಂಟೆಗೆ ಸುಮಾರು 1.3 ಕಿಲೋಮೀಟರ್ ದಾಟಿದರೆ ಎಣ್ಣೆ ಅಡಿಯಿಂದ ನುಸುಳಿಕೊಂಡು ಹೋಗುತ್ತದೆ. ಅಲೆ ಎದ್ದರೆ ಮೇಲಿಂದಲೂ ಹಾರುತ್ತದೆ. ಇನ್ನೊಂದೆಡೆ ಕಾಲವೂ ಕಾಯುವುದಿಲ್ಲ. ಹಗುರ ಭಾಗ ಗಂಟೆಗಳಲ್ಲಿ ಆವಿಯಾಗುತ್ತದೆ. ಉಳಿದ ಭಾರವಾದ ಫರ್ನೇಸ್ ಆಯಿಲ್ ನೀರು ಕುಡಿದು ಮೂರು-ನಾಲ್ಕು ಪಟ್ಟು ಉಬ್ಬಿ ಕಾಕಂಬಿಯಂತೆ ಮಂದವಾಗುತ್ತದೆ. ಆಮೇಲೆ ಪಂಪಿಗೂ ಅದು ಬಗ್ಗುವುದಿಲ್ಲ. ಕೊನೆಗೆ ಉಳಿಯುವುದು ಡಾಂಬರಿನ ಉಂಡೆಗಳು. ಮುಂಗಾರಿಗೆ ಮುಂಚೆ ಮತ್ತು ಮುಂಗಾರಿನಲ್ಲಿ ಗೋವೆ ಹಾಗೂ ನಮ್ಮ ಕರಾವಳಿಯ ಮರಳಿನ ಮೇಲೆ ಬಂದು ಬೀಳುವ ಟಾರ್ ಉಂಡೆಗಳು ಇದೇ ಬಗೆಯವು.

ಹಣ, ಯಂತ್ರ, ಜನ ಯಾವುದಕ್ಕೂ ಕೊರತೆಯಿಲ್ಲದ ಅಮೆರಿಕದ ಅನುಭವ ಕಣ್ಣು ತೆರೆಸುವಂಥದ್ದು. ಮೆಕ್ಸಿಕೊ ಕೊಲ್ಲಿಯ ತೈಲಬಾವಿಯಲ್ಲಿ ನಡೆದ 2010ರ ಡೀಪ್‌ವಾಟರ್ ಹೊರೈಜನ್ ದುರಂತದ ನಂತರ ಅಲ್ಲಿನ ಸರ್ಕಾರವೇ ಕೊಟ್ಟ ಲೆಕ್ಕದಂತೆ ಸ್ಕಿಮ್ಮರ್‌ಗಳು ಎತ್ತಿದ್ದು ಸೋರಿದ ಎಣ್ಣೆಯ ಶೇ 3ರಷ್ಟು ಮಾತ್ರ. ಸುಟ್ಟದ್ದು ಶೇ 5. ಬಾವಿಯ ಬಾಯಲ್ಲೇ ಹಿಡಿದದ್ದು ಶೇ 17. ನಮ್ಮಲ್ಲಿ 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದಾಗ ಮೀನುಗಾರರು, ವಿದ್ಯಾರ್ಥಿಗಳು, ಸ್ವಯಂಸೇವಕರು ಬಕೆಟ್‌ಗಳಲ್ಲಿ ಜಿಡ್ಡನ್ನು ಮೊಗೆದು ಹಾಕಿದ್ದನ್ನು ದೇಶವೇ ನೋಡಿತು. ಮಂದವಾದ ಎಣ್ಣೆಯನ್ನು ದಡದಲ್ಲಿ ಕೈಯಿಂದ ತೆಗೆಯುವುದು ಎಷ್ಟೋ ಸಲ ಅನಿವಾರ್ಯವೂ ಹೌದು. ಅಲ್ಲಿ ನಾಚಿಕೆಗೇಡಿನದು ಬಕೆಟ್ ಆಗಿರಲಿಲ್ಲ. ಎಣ್ಣೆ ದಡಕ್ಕೆ ಬರುತ್ತಿದೆ ಎಂದು ಕೈಗವಸು, ಮುಖಗವಸು ಹಿಡಿದು ಮೊದಲೇ ಸಿದ್ಧವಾಗಲು ಬೇಕಿದ್ದ ಎಚ್ಚರಿಕೆ ದಡದವರಿಗೆ ಸಮಯಕ್ಕೆ ಸಿಗದೇ ಹೋದದ್ದು.

ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಚದುರಿಸುವ ಡಿಸ್ಪರ್ಸೆಂಟ್ ರಾಸಾಯನಿಕ ಮತ್ತೊಂದು ದಾರಿ. ಹಕ್ಕಿಗಳನ್ನೂ ದಡವನ್ನೂ ಅದು ಉಳಿಸಬಲ್ಲದು. ಆದರೆ ಮೇಲಿನ ಎಣ್ಣೆ ಮಾಯವಾಯಿತೆಂದರೆ ಅದು ಕೆಳಗಿನ ನೀರಿಗೆ ಇಳಿಯಿತು ಎಂದೇ ಅರ್ಥ. ಮೀನು ಸಂತಾನ ಬೆಳೆಸುವ ಕಾಲವೆಂದೇ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಎಣ್ಣೆಯಲ್ಲಿರುವ ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳು ಮೊಟ್ಟೆ, ಮರಿಗಳ ಹೃದಯದ ಬೆಳವಣಿಗೆಯನ್ನೇ ಕೆಡಿಸುತ್ತವೆ ಎಂಬುದು ಅಮೆರಿಕದ ಎರಡು ದೊಡ್ಡ ದುರಂತಗಳ ನಂತರದ ಸಂಶೋಧನೆಗಳಿಂದ ದೃಢಪಟ್ಟಿದೆ. ಬಲೆ ಬೀಸುವುದನ್ನೇ ನಿಲ್ಲಿಸಿದ ತಿಂಗಳಲ್ಲಿ ರಾಸಾಯನಿಕ ಸುರಿಯಬೇಕೇ ಬೇಡವೇ ಎಂಬುದನ್ನು ಆ ನೀರಿನಡಿಯಲ್ಲಿ ಏನಿದೆ, ಎಣ್ಣೆ ಸುಮ್ಮನೆ ಬಿಟ್ಟರೆ ಎತ್ತ ಹೋಗುತ್ತದೆ ಎಂಬ ಲೆಕ್ಕವಿಲ್ಲದೆ ತೀರ್ಮಾನಿಸಲಾಗದು. ಬೇಲಿಯನ್ನು ಎಲ್ಲಿ ಕಟ್ಟಬೇಕು, ಯಾವ ನದಿಮುಖವನ್ನು ಮೊದಲು ಕಾಯಬೇಕು, ಎಣ್ಣೆ ದಟ್ಟವಾಗಿರುವ ಸಣ್ಣ ಜಾಗಕ್ಕೆ ಹಡಗನ್ನು ಹೇಗೆ ಕಳಿಸಬೇಕು ಎಂಬುದೆಲ್ಲ ಹಾಗೆಯೇ. ಮಾಹಿತಿಗೆ ಹಾಕಿದ ಹಣ ಯಂತ್ರಕ್ಕೆ ಹಾಕಿದ ಹಣದ ಕೆಲಸವನ್ನೂ ಹೆಚ್ಚಿಸುತ್ತದೆ.

ಟನ್ನಿನಲ್ಲಿ ಅಳೆಯಲಾಗದ ನಷ್ಟ

ದೊಡ್ಡ ತೈಲ ಸೋರಿಕೆಗಳು ಕಡಿಮೆಯಾಗುತ್ತಿರುವಾಗ ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂಬ ಆಕ್ಷೇಪಕ್ಕೂ ಆಧಾರವಿದೆ. ತೈಲ ಟ್ಯಾಂಕರ್‌ಗಳಿಂದ 700 ಟನ್ ಮೀರಿದ ಸೋರಿಕೆ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 24ಕ್ಕೂ ಹೆಚ್ಚಿತ್ತು. 2010ರ ದಶಕದಲ್ಲಿ ಎರಡಕ್ಕಿಂತ ಕೆಳಗಿಳಿಯಿತು. ಇದು ಸಂತೋಷದ ವಿಷಯ. ಆದರೆ ಪಶ್ಚಿಮ ಕರಾವಳಿಯನ್ನು ಕಾಡಿದ ಮೇಲಿನ ನಾಲ್ಕು ಹಡಗುಗಳಲ್ಲಿ ಯಾವುದೂ ತೈಲ ಟ್ಯಾಂಕರ್ ಅಲ್ಲ. ಸೋರಿದ್ದು, ಸೋರುವ ಭಯ ಹುಟ್ಟಿಸಿದ್ದು ಸರಕು ಹಡಗುಗಳ ಸ್ವಂತ ಇಂಧನ. ಓಷನ್ ಸೆರಾಯಾದ 650 ಟನ್, ಎಲ್ಸಾದ 367 ಟನ್, ಪ್ರಿನ್ಸೆಸ್ ಮಿರಾಲ್‌ನ 220 ಟನ್ ಮೂರೂ 700 ಟನ್ನಿನ ಗೆರೆಯ ಕೆಳಗಿವೆ. 1996ರಲ್ಲಿ ಜಾರಿಗೆ ಬಂದ, ಕೋಸ್ಟ್‌ಗಾರ್ಡ್ ನೇತೃತ್ವದ ನಮ್ಮ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯಲ್ಲೂ 700 ಟನ್ ಒಳಗಿನದು ಮೊದಲ ಹಂತ, ಎಂದರೆ ಬಂದರಿನ ಮಟ್ಟದಲ್ಲೇ ನಿಭಾಯಿಸಬೇಕಾದದ್ದು. ಟನ್ನಿನ ಲೆಕ್ಕದಲ್ಲಿ ಸಣ್ಣದಾದ ಸೋರಿಕೆ ಮೂರು ಜಿಲ್ಲೆಗಳ ಮೀನುಗಾರಿಕೆಯನ್ನು ನಿಲ್ಲಿಸಬಲ್ಲದು, ನೂರಾರು ಕಿಲೋಮೀಟರ್ ಒಳನಾಡಿನ ಮಾರುಕಟ್ಟೆಯನ್ನೂ ಅಲುಗಿಸಬಲ್ಲದು ಎಂಬುದನ್ನು ಈ ಅಳತೆಗೋಲು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡ ಅಪಾಯವೂ ದೂರವಿಲ್ಲ: ಮಂಗಳೂರಿನ ಸಂಸ್ಕರಣಾಗಾರಕ್ಕೆ ಕಚ್ಚಾತೈಲ ಕಡಲ ಮೂಲಕವೇ ಬರುತ್ತದೆ, ಮಂಗಳೂರಿನ ನೆಲದಡಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಸಂಗ್ರಹಾಗಾರಗಳಿವೆ.

ಹಡಗು ಮುಳುಗದಿದ್ದರೂ ಎಣ್ಣೆ ಬೀಳುತ್ತಲೇ ಇರುತ್ತದೆ. 2014ರಿಂದ 2019ರವರೆಗಿನ ಯುರೋಪಿನ ಸೆಂಟಿನೆಲ್-1 ರಾಡಾರ್ ಚಿತ್ರಗಳನ್ನು ಜಾಲಾಡಿ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಜಗತ್ತಿನ ಕರಾವಳಿ ನೀರಿನಲ್ಲಿ ನಾಲ್ಕೂವರೆ ಲಕ್ಷ ಎಣ್ಣೆ ಕಲೆಗಳನ್ನು ಎಣಿಸಿತು. ಸುಮಾರು ಶೇ 94ರಷ್ಟು ಮನುಷ್ಯರ ಚಟುವಟಿಕೆಯಿಂದಲೇ ಆದದ್ದು ಎಂದಿತು. ಹಡಗುಗಳು ತಳದ ನೀರನ್ನು ಹೊರಹಾಕುವಾಗ ಎಣ್ಣೆ ಹತ್ತು ಲಕ್ಷಕ್ಕೆ 15 ಭಾಗ ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮವಿದೆ. ಕತ್ತಲಲ್ಲಿ ಅದನ್ನು ಮುರಿಯುವ ಹಡಗನ್ನು ರಾಡಾರ್ ಕಲೆಯ ಜೊತೆ, ಹಡಗು ತನ್ನ ಗುರುತು ಮತ್ತು ಸ್ಥಾನವನ್ನು ಸಾರುವ ಎಐಎಸ್ ಸಂಕೇತದ ಹಾದಿಯನ್ನು ಹೊಂದಿಸಿ ಹಿಡಿಯಬಹುದು. ನೆಲದ ಪಾಲೂ ಕಡಿಮೆಯಿಲ್ಲ. ಉತ್ತರ ಅಮೆರಿಕದ ಕಡಲಿಗೆ ಸೇರುವ ಎಣ್ಣೆಯಲ್ಲಿ ಅತಿ ಹೆಚ್ಚು ಬರುವುದು ನೆಲದ ಮೇಲಿನ ಹರಿವಿನಿಂದ ಎಂದು ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳ 2022ರ ವರದಿ ಹೇಳುತ್ತದೆ. ದಂಡುಪ್ರದೇಶದ ಗ್ಯಾರೇಜಿನಿಂದ ಚರಂಡಿಗೆ ಸುರಿದ ಹಳೆಯ ಇಂಜಿನ್ ಆಯಿಲ್‌ಗೂ ಹಲಸೂರು ಕೆರೆ, ಬೆಳ್ಳಂದೂರು, ವರ್ತೂರು, ದಕ್ಷಿಣ ಪಿನಾಕಿನಿ ಎಂದು ಬಂಗಾಳ ಕೊಲ್ಲಿಯವರೆಗೆ ದಾರಿಯಿದೆ. ಹಾಗಾಗಿ ಇದು ಕರಾವಳಿಯವರ ಸಮಸ್ಯೆ, ಬೆಂಗಳೂರಿಗೇನು ಎಂದು ಕೇಳುವ ಹಕ್ಕು ನಗರಕ್ಕಿಲ್ಲ. ಕಡಲಿನ ಮೀನನ್ನೂ ಉಣ್ಣುತ್ತದೆ, ಕಡಲಿಗೆ ಎಣ್ಣೆಯನ್ನೂ ಕಳಿಸುತ್ತದೆ.

ಈಗ ಮೀನಿನ ವಿಚಾರ. ಎಣ್ಣೆ ಬಿದ್ದ ನೀರಿನ ಎಲ್ಲ ಜೀವಿಗಳೂ ಒಂದೇ ರೀತಿ ಕೆಡುವುದಿಲ್ಲ. ಬಂಗುಡೆ, ಬೂತಾಯಿ, ಅಂಜಲ್‌ನಂಥ ಮೀನುಗಳ ಯಕೃತ್ತು ಎಣ್ಣೆಯ ವಿಷಾಂಶವನ್ನು ಬೇಗ ಒಡೆದು ಹೊರಹಾಕುತ್ತದೆ. ಈಜಿ ದೂರ ಸರಿಯುವ ಶಕ್ತಿಯೂ ಅವಕ್ಕಿದೆ. ಮರುವಾಯಿ, ನೀಲಿಕಲ್ಲಿನಂಥ ಚಿಪ್ಪುಜೀವಿಗಳು ಕೂತಲ್ಲೇ ಕೂತು ನೀರು ಸೋಸಿ ಬದುಕುವಂಥವು, ವಿಷಾಂಶ ಅವುಗಳ ದೇಹದಲ್ಲಿ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಎಚ್ಚರಿಕೆ ಮೊದಲು ಬೇಕಾದದ್ದು ಎಣ್ಣೆ ಬಡಿದ ದಡದ ಚಿಪ್ಪಿನ ವಿಷಯದಲ್ಲಿ. ಕಾಲವೂ ಲೆಕ್ಕಕ್ಕೆ ಬರುತ್ತದೆ. ಪೂರ್ವ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಎಂದರೆ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಿಗುವ ಮೀನಿನ ಬಹುಪಾಲು ಬಂಗಾಳ ಕೊಲ್ಲಿಯದ್ದೋ, ಆಂಧ್ರದ ಕೊಳಗಳದ್ದೋ, ಶೀತಲಗೃಹದ್ದೋ ಆಗಿರುವ ಸಂಭವವೇ ಹೆಚ್ಚು. ಅರಬ್ಬಿ ಸಮುದ್ರದ ಸುದ್ದಿ ಕೇಳಿ ಗಿರಾಕಿ ಅದನ್ನು ಬಿಟ್ಟರೆ ಶಿಕ್ಷೆ ಬೀಳುವುದು ಏನೂ ಅರಿಯದ ಕೊಳದ ರೈತರಿಗೆ, ಮಾರುವವರಿಗೆ, ಮೀನು ಕತ್ತರಿಸಿಕೊಟ್ಟು ದಿನಗೂಲಿ ಪಡೆಯುವವರಿಗೆ.

ಅರೆಬೆಂದ ಮಾಹಿತಿ ಹೊರಬಿಟ್ಟರೆ ಜನ ಇನ್ನಷ್ಟು ಗಾಬರಿಯಾಗುವುದಿಲ್ಲವೇ ಎಂಬುದು ಅಧಿಕಾರಿಗಳ ಕಡೆಯಿಂದ ಬರುವ ಆಕ್ಷೇಪ. ಮುನ್ಸೂಚನೆ ತಪ್ಪಬಹುದು, ರಾಡಾರ್ ಕಲೆ ಪಾಚಿಯೂ ಆಗಿರಬಹುದು ಎಂಬುದು ನಿಜ. ಆದರೆ ಮಾಹಿತಿ ಇಲ್ಲದ ಜಾಗ ಖಾಲಿ ಉಳಿಯುವುದಿಲ್ಲ. ವಾಟ್ಸ್ಆ್ಯಪ್ ಸಂದೇಶ ಅದನ್ನು ತುಂಬುತ್ತದೆ. ಮಳೆಯ ಮುನ್ಸೂಚನೆಯನ್ನು ಅದರ ಅನಿಶ್ಚಿತತೆಯ ಸಮೇತ ನಮ್ಮ ರೈತರು, ಮೀನುಗಾರರು ದಿನವೂ ಬಳಸುತ್ತಿದ್ದಾರೆ. ಡೀಪ್‌ವಾಟರ್ ದುರಂತದಲ್ಲಿ ಅಮೆರಿಕ ಮೆಕ್ಸಿಕೊ ಕೊಲ್ಲಿಯ ತನ್ನ ಕೇಂದ್ರಾಡಳಿತದ ನೀರಿನ ಶೇ 37ರಷ್ಟನ್ನು ಮೀನುಗಾರಿಕೆಗೆ ಮುಚ್ಚಿತು. ಮುಚ್ಚಿದ ಗಡಿಯ ನಕ್ಷೆಯನ್ನು ಬದಲಾದಾಗಲೆಲ್ಲ ಪ್ರಕಟಿಸಿತು. ತರಬೇತಿ ಪಡೆದವರು ಮೂಸಿ, ರುಚಿ ನೋಡಿ, ಆಮೇಲೆ ಪ್ರಯೋಗಾಲಯದಲ್ಲಿ ರಾಸಾಯನಿಕ ಪರೀಕ್ಷೆ ನಡೆಸಿ, ಪಾಸಾದ ಭಾಗವನ್ನು ಮಾತ್ರ ಹಂತಹಂತವಾಗಿ ತೆರೆಯಿತು. 2011ರ ಏಪ್ರಿಲ್ ಹೊತ್ತಿಗೆ ಎಲ್ಲವೂ ತೆರೆದಿತ್ತು. ಅಲ್ಲಿ ಪರೀಕ್ಷಿಸಿದ್ದು ಒಂದೊಂದು ಮೀನನ್ನಲ್ಲ, ಒಂದೊಂದು ಜಲಭಾಗವನ್ನು. ಪ್ರತಿ ಪೆಟ್ಟಿಗೆಯನ್ನೂ ಪರೀಕ್ಷಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಇದೇ ಉತ್ತರ. ಬೋಟು ಎಲ್ಲಿ ಬಲೆ ಹಾಕಿತು ಎಂದು ತಿಳಿದರೆ ಸಾಕು. ಒಂದು ಲಕ್ಷ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಯೋಜನೆ 2024ರಲ್ಲೇ ಆರಂಭವಾಗಿದೆ.

ಪರಿಹಾರದ ಹಣಕ್ಕೂ ಇದೇ ದಾಖಲೆ ಬೇಕು. ಟ್ಯಾಂಕರ್ ಸೋರಿಕೆಗೆ ಅಂತರರಾಷ್ಟ್ರೀಯ ಪರಿಹಾರ ನಿಧಿಯ ಬೆಂಬಲವಿದೆ. ಸರಕು ಹಡಗಿನ ಇಂಧನಕ್ಕೆ ಸಂಬಂಧಿಸಿದ 2001ರ ಬಂಕರ್ ಒಪ್ಪಂದದ ಹಿಂದೆ ಅಂಥ ನಿಧಿಯಿಲ್ಲ, ಹಡಗಿನ ಮಾಲೀಕರ ಕಡ್ಡಾಯ ವಿಮೆಯೇ ಗತಿ. ಎಲ್ಸಾ ಪ್ರಕರಣದಲ್ಲಿ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಅಲ್ಲಿನ ಹೈಕೋರ್ಟಿಗೆ ಹೋಗಿದೆ. ಯಾವ ದಿನ ಯಾವ ನೀರು ಕೆಟ್ಟಿತ್ತು, ಯಾವ ಬಂದರಿನ ಮೀನಿಗೆ ಬೆಲೆ ಎಷ್ಟು ಬಿತ್ತು ಎಂಬ ದಾಖಲೆ ಇಲ್ಲದ ನಾಡದೋಣಿಯವರ, ಮೀನು ಮಾರುವ ಮಹಿಳೆಯರ ನಷ್ಟ ಯಾವ ನ್ಯಾಯಾಲಯದಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಬೇಕಾದ ವ್ಯವಸ್ಥೆಯ ಬಿಡಿಭಾಗಗಳೆಲ್ಲ ನಮ್ಮಲ್ಲಿವೆ. ಇಂಕಾಯಿಸ್ ಮೀನು ಎಲ್ಲಿ ಸಿಗಬಹುದೆಂಬ ಸಲಹೆಯನ್ನು ಕನ್ನಡವೂ ಸೇರಿ ಕರಾವಳಿಯ ಭಾಷೆಗಳಲ್ಲಿ ಮೀನುಗಾರರಿಗೆ ಕಳಿಸುತ್ತಲೇ ಇದೆ. ಅದೇ ದಾರಿಯಲ್ಲಿ ಎಣ್ಣೆಯ ನಕ್ಷೆಯನ್ನೂ ಕಳಿಸಬಹುದು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕೋಸ್ಟ್‌ಗಾರ್ಡ್‌ನ ಕರ್ನಾಟಕ ಕಚೇರಿಯಿದೆ. ಮುಂದಿನ ಮುಂಗಾರಿಗೆ ಮೊದಲು ರಾಜ್ಯದ ಮೀನುಗಾರಿಕೆ ಇಲಾಖೆ ಮೂರು ಕೆಲಸ ಮಾಡಲಿ. ಸೋರಿಕೆಯಾದ ಮೊದಲ ದಿನದಿಂದಲೇ ಎಣ್ಣೆ ಇರುವ, ಬರಬಹುದಾದ, ಬರಲಾರದ ಜಲಭಾಗಗಳ ನಕ್ಷೆ ಕನ್ನಡದಲ್ಲಿ ನಿತ್ಯ ಪ್ರಕಟವಾಗಲಿ. ಆಯಾ ಜಲಭಾಗದ ಮೀನು-ಚಿಪ್ಪುಗಳ ಪರೀಕ್ಷೆಯ ಫಲಿತಾಂಶ ಅದರ ಜೊತೆಗೇ ಬರಲಿ. ಬಂದರಿನಿಂದ ಹೊರಡುವ ಪ್ರತಿ ಲೋಡಿನ ಜೊತೆ ಮೀನು ಹಿಡಿದ ಕಡಲು, ಇಳಿಸಿದ ಬಂದರು, ದಿನಾಂಕ ಬರೆದ ಚೀಟಿ ಬೆಂಗಳೂರಿನ ಸಗಟು ಮಾರುಕಟ್ಟೆಯವರೆಗೆ ಕಡ್ಡಾಯವಾಗಲಿ. ಮೀನು ಕೊಳ್ಳುವ ಓದುಗರು ಆ ಚೀಟಿಯನ್ನು ಕೇಳಿ ನೋಡಲಿ. ಕೇಳುವವರಿದ್ದರೆ ಮಾತ್ರ ಇಂಥ ವ್ಯವಸ್ಥೆ ಕಾಗದದಿಂದ ಕೆಳಗಿಳಿದು ಬರುತ್ತದೆ.